ಹಳ್ಳದ ಮೀನು ಯಾರ ಪಹಣಿಯಲ್ಲಿದೆ?

ಮಾನ್ಯ ಸಂಪಾದಕರೇ,

ಮೂಡಿಗೆರೆ ತಾಲ್ಲೂಕಿನ ನಮ್ಮೂರ ಹಳ್ಳದಲ್ಲಿ ಮೀನು ಹಿಡಿಯೋಕೆ ಹೋದ ಹುಡುಗರ ಮೇಲೆ ಮೊನ್ನೆ ಪೊಲೀಸ್ ಠಾಣೆಗೆ ದೂರು ಹೋಗಿದೆ. ಕೊಟ್ಟವರು ಹಳ್ಳದ ಎರಡೂ ದಡದ ತೋಟ ಕೊಂಡು ರೆಸಾರ್ಟ್ ಮಾಡಿಕೊಂಡಿರುವವರು. ದೂರಿನಲ್ಲಿ ಎರಡು ಮಾತಿದೆ. ಒಂದು ಅತಿಕ್ರಮ ಪ್ರವೇಶ, ಇನ್ನೊಂದು ಮೀನು ಕಳ್ಳತನ. ಮೀನು ಕಳ್ಳತನ ಅನ್ನೋದನ್ನು ಕೇಳಿ ಊರಲ್ಲಿ ನಕ್ಕವರೂ ಇದ್ದಾರೆ, ಸಿಟ್ಟಾದವರೂ ಇದ್ದಾರೆ. ನಾನು ಎರಡನೇ ಗುಂಪಿನವನು. ಹಾಗಾಗಿ ಈ ಪತ್ರ.

ಮೊದಲು ಹಳ್ಳದ ವಿಷಯ ಹೇಳಿಬಿಡುತ್ತೇನೆ. ದೊಡ್ಡ ನದಿಯೇನಲ್ಲ. ಗುಡ್ಡದ ಶೋಲೆ ಕಾಡಿನಿಂದ ಇಳಿದು, ನಾಲ್ಕಾರು ತೋಟ ದಾಟಿ, ಗದ್ದೆ ಬಯಲಿನ ಅಂಚಿನಲ್ಲಿ ಹೋಗಿ ಹೇಮಾವತಿಗೆ ಸೇರುತ್ತದೆ. ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಸಕಲೇಶಪುರ ಮುಟ್ಟೋದರೊಳಗೆ ಇಂಥ ಎಷ್ಟೋ ಹಳ್ಳಗಳನ್ನು ಕುಡಿದುಕೊಂಡೇ ಹೊಳೆಯಾಗೋದು. ಬೇಸಿಗೆಯಲ್ಲಿ ಮಂಡಿ ಮಟ್ಟ ನೀರು. ಜುಲೈನಲ್ಲಿ ಹತ್ತಿರ ಹೋಗೋಕೆ ಧೈರ್ಯ ಬೇಕು. ಅದರಲ್ಲಿ ಮೀನು ಹಿಡಿಯೋರು ಅಂದರೆ ಲೈನ್ ಮನೆಗಳಲ್ಲಿರೋ ತೋಟದ ಕೂಲಿ ಜನ, ಭಾನುವಾರ ಗಾಳ ಹಿಡಿದು ಹೋಗುವ ಶಾಲೆ ಹುಡುಗರು, ಸಂಜೆ ಕಲ್ಲು ಎಬ್ಬಿಸಿ ಏಡಿ ಹಿಡಿಯುವ ಹೆಂಗಸರು. ಮುಂಗಾರು ಹಿಡಿದ ಮೇಲೆ ಕೂಣಿ ಅನ್ನೋ ಮೀನಿನ ಬುಟ್ಟಿ ಕಟ್ಟುವವರು ಬೇರೆ. ಮೃಗಶಿರಾ, ಆರಿದ್ರಾ ಮಳೆಯಲ್ಲಿ ಹತ್ತು ಮೀನು, ಅಂದರೆ ಹೊಸ ನೀರಿಗೆ ಎದುರಾಗಿ ಹತ್ತಿ ಬರೋ ಮೀನು, ಹತ್ತಿತು ಅಂದರೆ ಅರ್ಧ ಊರು ಟಾರ್ಚು, ಕತ್ತಿ ಹಿಡಿದು ಗದ್ದೆಗೆ ಇಳಿಯುತ್ತದೆ. ಇದರಲ್ಲಿ ಯಾರೂ ಮೀನು ಮಾರಿ ಮನೆ ಕಟ್ಟಿಸಿಲ್ಲ. ಒಂದು ಹೊತ್ತಿನ ಸಾರಿಗಾಗುತ್ತದೆ ಅಷ್ಟೆ. ಆದರೆ ದಿನಗೂಲಿ ಮನೆಯಲ್ಲಿ ಆ ಒಂದು ಹೊತ್ತಿನ ಸಾರು ಸಣ್ಣದಲ್ಲ.

ತೋಟ ಹಳೇ ಸಾವ್ಕಾರರ ಕೈಯಲ್ಲಿದ್ದಾಗ ಸೇತುವೆ ಪಕ್ಕದಿಂದ ಹಳ್ಳಕ್ಕೆ ಇಳಿಯೋ ಕಾಲುದಾರಿ ಇತ್ತು. ದನ ನೀರಿಗೆ ಹೋಗುತ್ತಿದ್ದದ್ದೂ ಅಲ್ಲೇ. ಅವರೇನು ದೇವರಂಥ ಮನುಷ್ಯ ಅಂತ ನಾನು ಹೇಳಲ್ಲ, ಒಂದು ತೆಂಗಿನಕಾಯಿ ಬಿದ್ದರೂ ಲೆಕ್ಕ ಕೇಳುವವರು. ಆದರೂ ಹಳ್ಳದ ವಿಷಯಕ್ಕೆ ಬಾಯಿ ಹಾಕಲಿಲ್ಲ. ತೋಟ ಕೈ ಬದಲಾಯಿತು. ಮೊದಲು ಸೋಲಾರ್ ಬೇಲಿ ಬಂತು, ಆನೆಗೆ ಅಂದರು, ಸರಿ ಅಂದೆವು. ಆಮೇಲೆ ಕಾಲುದಾರಿಗೆ ಗೇಟು ಬಂತು. ಆಮೇಲೆ ಹಳ್ಳಕ್ಕೆ ಅಡ್ಡ ಸಿಮೆಂಟಿನ ಸಣ್ಣ ಕಟ್ಟೆ ಕಟ್ಟಿ ಗುಂಡಿ ಮಾಡಿದರು. ಈಗ ಆ ಗುಂಡಿಯಲ್ಲಿ ಬೆಂಗಳೂರಿನಿಂದ ಬಂದವರು ಬಾಡಿಗೆ ಗಾಳ ಹಿಡಿದು ಕೂರುತ್ತಾರೆ. ರೂಮಿನ ಬಾಡಿಗೆಯಲ್ಲಿ ಅದೂ ಸೇರಿದೆ. ಮೀನು ಸಿಕ್ಕರೆ ಫೋಟೋ ತೆಗೆದು ವಾಪಸ್ ಬಿಡುವುದಂತೆ. ಬಿಡಲಿ, ನನ್ನ ತಕರಾರಿಲ್ಲ. ಅದೇ ನೀರಿಗೆ ನಮ್ಮೂರ ಹುಡುಗ ಗಾಳ ಹಾಕಿದರೆ ಕಳ್ಳ ಆಗೋದು ಹೇಗೆ ಅನ್ನೋದಷ್ಟೇ ನನ್ನ ಪ್ರಶ್ನೆ.

ಅವರ ವಾದ ಏನು ಅಂದರೆ, ಎರಡೂ ದಡ ನಮ್ಮದು, ಹಾಗಾಗಿ ನಡುವಿನ ಹಳ್ಳವೂ ನಮ್ಮದು, ಗುಂಡಿಗೆ ಮೀನುಮರಿ ತಂದು ಬಿಟ್ಟವರೂ ನಾವೇ. ಕೇಳೋಕೆ ಸರಿ ಅನ್ನಿಸುತ್ತದೆ. ನಮ್ಮೂರಿನ ಎಷ್ಟೋ ಜನಕ್ಕೂ ಹಾಗೇ ಅನ್ನಿಸಿದೆ. ದುಡ್ಡು ಕೊಟ್ಟು ತಗೊಂಡಿದ್ದಾರಪ್ಪಾ, ನಮಗ್ಯಾಕೆ ಅಂತ ಸುಮ್ಮನಾದವರೇ ಜಾಸ್ತಿ.

ಆದರೆ ಕಾನೂನು ಹಾಗಿಲ್ಲ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಕಲಂ ತೆಗೆದು ನೋಡಿ. ನದಿ, ತೊರೆ, ನಾಲೆ, ಕೆರೆಗಳ ತಳ, ನಿಂತ ನೀರು, ಹರಿಯೋ ನೀರು, ಸಾರ್ವಜನಿಕ ದಾರಿ, ಇವೆಲ್ಲ ಖಾಸಗಿಯವರ ಸ್ವತ್ತು ಅಂತ ಸಾಬೀತಾಗದ ಹೊರತು ರಾಜ್ಯ ಸರ್ಕಾರದ್ದು ಅಂತ ಅದರಲ್ಲಿದೆ. ಇದು ಸಾಲದು ಅಂದರೆ ಖರಾಬಿನ ಲೆಕ್ಕ ನೋಡಿ. ಪಹಣಿ ಇಟ್ಟುಕೊಂಡಿರೋ ಪ್ರತಿಯೊಬ್ಬ ಬೆಳೆಗಾರನಿಗೂ ಗೊತ್ತಿರೋ ವಿಷಯ ಇದು, ಗೊತ್ತಿಲ್ಲದ ಹಾಗೆ ಇರೋದು ಬೇರೆ. ಸರ್ವೆ ನಂಬರಿನ ಒಟ್ಟು ವಿಸ್ತೀರ್ಣದಲ್ಲಿ ಖರಾಬು ಅಂತ ಕಳೆದಿರುತ್ತಾರೆ. ಅದರಲ್ಲಿ 'ಎ' ಖರಾಬು ಅಂದರೆ ಸಾಗುವಳಿಗೆ ಬಾರದ ಜಾಗ, ಬಂಡೆ, ಮನೆ ಕಣ ಇತ್ಯಾದಿ. 'ಬಿ' ಖರಾಬು ಅಂದರೆ ರಸ್ತೆ, ಕಾಲುದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ಜಾಗ. 'ಬಿ' ಖರಾಬಿಗೆ ಯಾರೂ ಕಂದಾಯ ಕಟ್ಟಲ್ಲ, ಯಾಕೆ ಅಂದರೆ ಅದು ಯಾರ ಹಿಡುವಳಿಯೂ ಅಲ್ಲ. ಜಮೀನು ನಿಮ್ಮ ಹೆಸರಿಗೆ ಕ್ರಯ ಆದಾಗ ಅದರ ಮಧ್ಯದಲ್ಲಿ ಹರಿಯೋ 'ಬಿ' ಖರಾಬಿನ ಹಳ್ಳ ನಿಮ್ಮ ಹೆಸರಿಗೆ ಬರಲ್ಲ. ಮಾರಿದವನಿಗೇ ಇಲ್ಲದ ಹಕ್ಕು ಕೊಂಡವನಿಗೆ ಎಲ್ಲಿಂದ ಬರಬೇಕು, ಅಲ್ವಾ?

ಒಂದು ಮಾತು ಸ್ಪಷ್ಟ ಮಾಡಬೇಕು. ತೋಟದ ಒಳಗೇ ಹುಟ್ಟಿ ಒಳಗೇ ಇಂಗೋ ಜಿನುಗು ನೀರಿನ ಬಗ್ಗೆ ನಾನು ಮಾತಾಡುತ್ತಿಲ್ಲ. ನಿಮ್ಮ ಸ್ವಂತ ಕೃಷಿ ಹೊಂಡದ ಬಗ್ಗೆಯೂ ಅಲ್ಲ. ಗ್ರಾಮ ನಕ್ಷೆಯಲ್ಲಿ ಹಳ್ಳ ಅಂತ ಗೆರೆ ಇದ್ದು, ಒಂದು ಸರ್ವೆ ನಂಬರಿನಿಂದ ಇನ್ನೊಂದಕ್ಕೆ ಹರಿದು ಹೋಗೋ ನೀರಿನ ಮಾತು ಇದು. ನಮ್ಮ ಹಳ್ಳಕ್ಕೆ ಆ ಗೆರೆ ಇದೆ. ನಕ್ಷೆಯ ನಕಲು ತೆಗೆಸಿ ನೋಡಿದ್ದೇನೆ.

ಇನ್ನು ಮೀನು ಬಿಟ್ಟವರು ನಾವು ಅನ್ನೋ ವಾದ. ಸುತ್ತ ಏರಿ ಹಾಕಿ, ಮೀನು ಹೊರಗೆ ಹೋಗದ ಹಾಗೆ ಮಾಡಿದ ಕೆರೆಯಲ್ಲಿ ಸಾಕಿದ್ದರೆ ಅದು ಸಾಕಿದವರ ಸ್ವತ್ತು, ಹಿಡಿದರೆ ಕಳ್ಳತನ. ಹರಿಯೋ ನೀರಿನಲ್ಲಿ ತನ್ನ ಪಾಡಿಗೆ ಓಡಾಡೋ ಮೀನು ಹಿಡಿಯೋ ತನಕ ಯಾರ ಸ್ವತ್ತೂ ಅಲ್ಲ. ನಮ್ಮ ನ್ಯಾಯಾಲಯಗಳು ಈ ವ್ಯತ್ಯಾಸವನ್ನು ಬ್ರಿಟಿಷರ ಕಾಲದಿಂದಲೂ ಮಾಡಿಕೊಂಡು ಬಂದಿವೆ. ಸರ್ಕಾರದ ಹಳ್ಳಕ್ಕೆ ಅನುಮತಿ ಇಲ್ಲದೆ ಕಟ್ಟೆ ಕಟ್ಟಿ, ಅದರೊಳಗೆ ಒಂದಷ್ಟು ತಿಲಾಪಿಯಾ ಮರಿ ಸುರಿದು, ಈಗ ಒಳಗಿರೋದೆಲ್ಲ ನನ್ನದು ಅಂದರೆ ಹೇಗೆ? ತಿಲಾಪಿಯಾ ಆಫ್ರಿಕಾ ಕಡೆಯ ಮೀನು. ಸಿಕ್ಕಿದ್ದೆಲ್ಲ ತಿಂದು, ಬೇಗ ಬೇಗ ಮರಿ ಹಾಕಿ, ಊರ ಮೀನಿಗೆ ಜಾಗ ಇಲ್ಲದ ಹಾಗೆ ಮಾಡುತ್ತದೆ. ಮಳೆಗಾಲದಲ್ಲಿ ಕಟ್ಟೆ ಮೇಲಿಂದ ನೀರು ಹಾರಿದಾಗ ಅದು ಹೇಮಾವತಿಗೂ ಹೋಯಿತು, ಕೆಳಗಿನ ಗದ್ದೆಗೂ ಹೋಯಿತು. ಅದನ್ನು ಕೇಳೋರು ಯಾರು? ಹಾಗೆ ನೋಡಿದರೆ ದೂರು ಕೊಡಬೇಕಾಗಿದ್ದು ನಾವು.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ಹಳ್ಳ ಸರ್ಕಾರದ್ದು, ಸರಿ. ದಡ ಅವರದ್ದೇ. ದಡ ತುಳಿಯದೆ ನೀರಿಗೆ ಇಳಿಯೋದು ಹೇಗೆ? ಅತಿಕ್ರಮ ಪ್ರವೇಶ ಅನ್ನೋ ಮಾತಿಗೆ ಇಲ್ಲಿ ಸ್ವಲ್ಪ ಬಲ ಇದೆ, ಅದನ್ನು ಒಪ್ಪಲೇಬೇಕು. ಯಾರದ್ದೋ ಕಾಫಿ ಗಿಡದ ಸಾಲಿನಲ್ಲಿ ನುಗ್ಗಿ ಹೋಗೋಕೆ ಮೀನು ನೆಪ ಆಗಬಾರದು. ಕಾಫಿ ಹಣ್ಣಾದ ಕಾಲದಲ್ಲಿ ರಾತ್ರಿ ತೋಟದಲ್ಲಿ ಟಾರ್ಚ್ ಬೆಳಕು ಕಂಡರೆ ನನಗೂ ಎದೆ ಧಸಕ್ ಅನ್ನುತ್ತದೆ. ನಾನೂ ಸಣ್ಣ ಬೆಳೆಗಾರನೇ. ಮೆಣಸು, ಕಾಫಿ ಕಳ್ಳತನ ಈ ಭಾಗದಲ್ಲಿ ಎಷ್ಟಾಗಿದೆ ಅಂತ ನಿಮ್ಮ ಪತ್ರಿಕೆಯೇ ಎಷ್ಟು ಸಲ ಬರೆದಿದೆ.

ಈ ಗಂಟು ನಮ್ಮೂರಿಗೆ ಮಾತ್ರ ಬಿದ್ದಿದ್ದಲ್ಲ. ವಿದೇಶಗಳಲ್ಲಿ ಟ್ರೌಟ್ ಅನ್ನೋ ಮೀನಿಗಾಗಿ ಇದೇ ಜಗಳ ನೂರಾರು ವರ್ಷದಿಂದ ನಡೆದಿದೆ. ಟ್ರೌಟ್ ತಣ್ಣೀರಿನ ಮೀನು. ಸುಮಾರು 20 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ. ಹಾಗಾಗಿ ನಮ್ಮ ಕಡೆ ಇಲ್ಲ. ನೀಲಗಿರಿಯಲ್ಲಿ ಬ್ರಿಟಿಷರು 1860ರ ದಶಕದಿಂದ ಪ್ರಯತ್ನ ಮಾಡಿ, 20ನೇ ಶತಮಾನದ ಶುರುವಿನಲ್ಲಿ ಅವಲಾಂಚಿ ಕಡೆಯ ಹೊಳೆಗಳಲ್ಲಿ ಅದನ್ನು ನೆಲೆ ನಿಲ್ಲಿಸಿದರು. ಆ ಜಾಗ ನಮ್ಮ ಮುಳ್ಳಯ್ಯನಗಿರಿ ತುದಿಗಿಂತ ಎತ್ತರದಲ್ಲಿದೆ ಅಂದರೆ ಎಷ್ಟು ಚಳಿ ಬೇಕು ಅಂತ ಲೆಕ್ಕ ಹಾಕಿ. ಕಾಶ್ಮೀರಕ್ಕೆ 1900ರಲ್ಲಿ ಸ್ಕಾಟ್ಲೆಂಡಿನಿಂದ ಮೊಟ್ಟೆ ತಂದು ಬೆಳೆಸಿದರು. ಎರಡೂ ಕಡೆ ಶುರುವಾಗಿದ್ದು ದೊರೆಗಳ ಹವ್ಯಾಸಕ್ಕೆ. ಆದರೆ ಇವತ್ತು ಕಾಶ್ಮೀರದಲ್ಲಿ ಟ್ರೌಟ್ ಹೊಳೆಗಳನ್ನು ಮೀನುಗಾರಿಕೆ ಇಲಾಖೆಯೇ ತುಂಡು ತುಂಡಾಗಿ ಗುರುತು ಮಾಡಿ ಪರ್ಮಿಟ್ ಕೊಡುತ್ತದೆ. ಪರ್ಮಿಟ್ ತಗೊಂಡವನು ಗಾಳ ಹಾಕಬಹುದು. ಪಕ್ಕದ ತೋಟದ ಯಜಮಾನನ ಅಪ್ಪಣೆ ಕೇಳಬೇಕಾಗಿಲ್ಲ.

ಇಂಗ್ಲೆಂಡ್ ಇದಕ್ಕೆ ತದ್ವಿರುದ್ಧ. ಅಲ್ಲಿ ಸಮುದ್ರದ ಉಬ್ಬರ ಇಳಿತ ತಲುಪದ ಹೊಳೆಗಳಲ್ಲಿ ದಡ ಯಾರದ್ದೋ ಮೀನು ಹಿಡಿಯೋ ಹಕ್ಕೂ ಸಾಮಾನ್ಯವಾಗಿ ಅವರದ್ದೇ. ಒಂದು ದಡ ಇದ್ದವರಿಗೆ ಹೊಳೆಯ ನಡು ಗೆರೆವರೆಗೆ. ಆ ಹಕ್ಕನ್ನು ಜಮೀನಿನಿಂದ ಬೇರೆ ಮಾಡಿ ಮಾರಲೂಬಹುದು. ಒಳ್ಳೆಯ ಟ್ರೌಟ್ ಹೊಳೆಯಲ್ಲಿ ಒಂದು ದಿನ ಗಾಳ ಹಾಕೋಕೆ ನಮ್ಮ ಕೂಲಿಯವರ ತಿಂಗಳ ಸಂಬಳಕ್ಕಿಂತ ಜಾಸ್ತಿ ಕೇಳುತ್ತಾರೆ. ನಮ್ಮ ರೆಸಾರ್ಟಿನವರ ತಲೆಯಲ್ಲಿ ಇರೋದು ಈ ಇಂಗ್ಲೆಂಡಿನ ಲೆಕ್ಕ. ತೊಂದರೆ ಏನಂದರೆ ನಾವಿರೋದು 67ನೇ ಕಲಮಿನ ಕರ್ನಾಟಕದಲ್ಲಿ.

ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ರೀತಿ. ಮೊಂಟಾನಾ ಅನ್ನೋ ರಾಜ್ಯದಲ್ಲಿ ದೊಡ್ಡ ದೊಡ್ಡ ಜಮೀನ್ದಾರರು ಹೊಳೆಗೆ ಬೇಲಿ ಹಾಕೋಕೆ ಶುರು ಮಾಡಿದಾಗ ಮೀನು ಹಿಡಿಯೋ ಜನ ಕೋರ್ಟಿಗೆ ಹೋದರು. 1984ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಜನರ ಪರ ತೀರ್ಪು ಕೊಟ್ಟಿತು, 1985ರಲ್ಲಿ ಕಾನೂನೇ ಆಯಿತು. ಅದರ ಪ್ರಕಾರ ಹೊಳೆಯ ತಳ ಯಾರ ಹೆಸರಲ್ಲೇ ಇರಲಿ, ಸಾಮಾನ್ಯ ತುಂಬು ನೀರು ಎಲ್ಲಿವರೆಗೆ ಏರುತ್ತದೋ ಆ ಗುರುತಿನ ಒಳಗೆ ಯಾರು ಬೇಕಾದರೂ ನಡೆಯಬಹುದು, ಗಾಳ ಹಾಕಬಹುದು. ಆದರೆ ಅಲ್ಲಿಗೆ ತಲುಪೋಕೆ ಬೇರೆಯವರ ಹೊಲ ತುಳಿಯೋ ಹಾಗಿಲ್ಲ. ಹಾಗಾದರೆ ಇಳಿಯೋದು ಎಲ್ಲಿ ಅಂತ ಮತ್ತೆ ಜಗಳ. 2009ರಲ್ಲಿ ಅದಕ್ಕೂ ಕಾನೂನು ಮಾಡಿದರು. ಸರ್ಕಾರಿ ರಸ್ತೆ ಹೊಳೆ ದಾಟುವ ಸೇತುವೆಗಳ ಪಕ್ಕದಿಂದ ಜನ ಇಳಿಯಬಹುದು. ಜಮೀನಿನವರು ದನ ಹೋಗದ ಹಾಗೆ ಬೇಲಿ ಹಾಕಿಕೊಳ್ಳಲಿ, ಮನುಷ್ಯ ದಾಟೋಕೆ ಜಾಗ ಬಿಡಬೇಕು. ಅದೇ ಅಮೆರಿಕದ ಕೊಲೊರಾಡೋ ರಾಜ್ಯದಲ್ಲಿ ಹೀಗಿಲ್ಲ, ಅಲ್ಲಿ ಖಾಸಗಿ ತಳದ ಮೇಲೆ ಕಾಲಿಟ್ಟರೂ ಅತಿಕ್ರಮಣ ಅಂತ 1979ರಲ್ಲೇ ತೀರ್ಪಾಗಿದೆ. ಅಂದರೆ ಒಂದೇ ದೇಶದೊಳಗೂ ಎರಡು ನ್ಯಾಯ.

ನನಗೆ ತುಂಬಾ ಹಿಡಿಸಿದ್ದು ನ್ಯೂಜಿಲೆಂಡಿನ ಪದ್ಧತಿ. ಅಲ್ಲೂ ಟ್ರೌಟ್ ಹೊರಗಿನಿಂದ ಬಂದ ಮೀನೇ. ವಲಸೆ ಹೋದ ಇಂಗ್ಲೆಂಡಿನ ಜನ ತಮ್ಮ ಊರಿನ ಜಮೀನ್ದಾರರ ಕಾಟ ನೋಡಿ ಸಾಕಾಗಿದ್ದವರು. ಹೊಸ ದೇಶದಲ್ಲಿ ಅದು ಬೇಡ ಅಂತ ಮೀನು ಹಿಡಿಯೋ ಹಕ್ಕನ್ನು ಮಾರುವುದನ್ನೇ ಕಾನೂನಿನಲ್ಲಿ ನಿಷೇಧ ಮಾಡಿದರು. ಅಲ್ಲಿ ತನ್ನ ಜಮೀನಿಗೆ ಬರಬೇಡ ಅನ್ನೋ ಅಧಿಕಾರ ರೈತನಿಗಿದೆ. ದುಡ್ಡು ಕೊಟ್ಟರೆ ಬಾ, ಟ್ರೌಟ್ ಹಿಡಿ ಅನ್ನೋ ಹಾಗಿಲ್ಲ. ಎಷ್ಟು ಚೊಕ್ಕ ಕಾನೂನು ನೋಡಿ. ನಮ್ಮ ರೆಸಾರ್ಟಿನ ವಿಷಯಕ್ಕೆ ಇದನ್ನು ಹಚ್ಚಿದರೆ ಅರ್ಧ ಜಗಳ ಅಲ್ಲೇ ಮುಗಿಯಿತು. ಊರವರಿಗೆ ಬೇಡ ಅಂದರೆ ಅತಿಥಿಗಳಿಗೂ ಬೇಡ.

ಮೊಂಟಾನಾದ ಸೇತುವೆ ಉಪಾಯವೂ ನಮಗೆ ಒಗ್ಗುತ್ತದೆ. ಮಲೆನಾಡಿನ ರಸ್ತೆಗಳಲ್ಲಿ ಮೋರಿ, ಕಿರುಸೇತುವೆ ಇಲ್ಲದ ಒಂದು ಮೈಲಿ ಸಿಗಲ್ಲ. ಪ್ರತಿ ಸೇತುವೆಯ ಪಕ್ಕ ರಸ್ತೆಯ ಸ್ವಂತ ಜಾಗ ಇರುತ್ತದೆ. ಅಲ್ಲಿಂದ ಇಳಿದು ಹಳ್ಳದ ಒಳಗೇ ನಡೆದರೆ ಯಾರ ಕಾಫಿ ಗಿಡವನ್ನೂ ಮುಟ್ಟಬೇಕಾಗಿಲ್ಲ. ನಮ್ಮೂರಲ್ಲಿ ಗೇಟು ಬಿದ್ದಿರೋದು ಸರಿಯಾಗಿ ಅಂಥ ಜಾಗಕ್ಕೇ.

ನಮ್ಮ ಕಾನೂನಿನಲ್ಲೇ ಇನ್ನೊಂದು ದಾರಿ ಇದೆ. 1882ರ ಅನುಭೋಗ ಹಕ್ಕುಗಳ ಕಾಯ್ದೆ, ವಕೀಲರು ಈಸ್‌ಮೆಂಟ್ ಆಕ್ಟ್ ಅನ್ನುತ್ತಾರೆ. ಬೇರೆಯವರ ಜಮೀನಿನ ಮೇಲೆ ಒಂದು ದಾರಿಯನ್ನು 20 ವರ್ಷ ಯಾರ ತಡೆಯೂ ಇಲ್ಲದೆ, ಮುಚ್ಚುಮರೆ ಇಲ್ಲದೆ, ಹಕ್ಕಿನಿಂದ ಬಳಸಿದ್ದರೆ ಅದು ಹಕ್ಕಾಗುತ್ತದೆ. ಊರಿನ ರೂಢಿಯಿಂದ ಬರೋ ಹಕ್ಕಿಗೂ ಅದರ 18ನೇ ಕಲಮಿನಲ್ಲಿ ಜಾಗ ಇದೆ. ಆದರೆ ಇಲ್ಲಿ ಒಂದು ಎಚ್ಚರಿಕೆ. ದಾರಿಗೆ ತಡೆ ಬಿದ್ದದ್ದು ಗೊತ್ತಾಗಿಯೂ ಒಂದು ವರ್ಷ ಬಾಯಿ ಮುಚ್ಚಿಕೊಂಡು ಕೂತರೆ ಅದನ್ನು ಒಪ್ಪಿಕೊಂಡ ಹಾಗೆ. ಆ 20 ವರ್ಷದ ಬಳಕೆಯೂ ದಾವೆ ಹೂಡುವುದಕ್ಕೆ ಹಿಂದಿನ ಎರಡು ವರ್ಷದ ಒಳಗೆ ಬಂದು ಮುಗಿದಿರಬೇಕು. ಸಾವ್ಕಾರರ ಮೇಲೆ ಕೇಸು ಯಾಕೆ, ನೋಡೋಣ, ಮಾತಾಡೋಣ ಅಂತ ಮುಂದೂಡುವ ನಮ್ಮ ಸಂಕೋಚವೇ ಇಲ್ಲಿ ಹಕ್ಕು ತಿಂದುಹಾಕುತ್ತದೆ. ಗೇಟು ಬಿದ್ದ ಬೇರೆ ಊರಿನವರು ಇದನ್ನು ಓದುತ್ತಿದ್ದರೆ ಕ್ಯಾಲೆಂಡರ್ ನೋಡಿಕೊಳ್ಳಿ.

ರೆಸಾರ್ಟಿನವರ ಪರವಾಗಿ ಹೇಳೋ ಮಾತೂ ಇದೆ, ಅದನ್ನು ಬಿಟ್ಟರೆ ಅನ್ಯಾಯ ಆಗುತ್ತದೆ. ಹಳ್ಳಕ್ಕೆ ಹೋಗೋರೆಲ್ಲ ಗಾಳ ಹಿಡಿದು ಹೋಗಲ್ಲ. ತೋಟೆ, ಅಂದರೆ ಸಿಡಿಮದ್ದು, ಹೊಡೆಯೋರಿದ್ದಾರೆ. ಒಂದು ತೋಟೆಗೆ ಗುಂಡಿಯಲ್ಲಿರೋ ಮರಿ, ಮೊಟ್ಟೆ, ಏಡಿ ಎಲ್ಲಾ ಹೊಟ್ಟೆ ಮೇಲಾಗಿ ತೇಲುತ್ತವೆ, ಇವರು ದೊಡ್ಡದನ್ನು ಆರಿಸಿಕೊಂಡು ಹೋಗುತ್ತಾರೆ. ಹಿಂದೆ ಕಾರೆಕಾಯಿ ಜಜ್ಜಿ ನೀರಿಗೆ ಹಾಕುತ್ತಿದ್ದರು, ಅದರ ಅಮಲು ಸ್ವಲ್ಪ ಹೊತ್ತಿಗೆ ಇಳಿಯುತ್ತಿತ್ತು. ಈಗ ಔಷಧಿ ಹೊಡೆಯೋಕೆ ತಂದ ಮೈಲುತುತ್ತ, ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ಅದೇ ನೀರನ್ನು ಕೆಳಗಿನ ಲೈನಿನವರು ಕುಡಿಯುತ್ತಾರೆ ಅನ್ನೋ ಯೋಚನೆಯೂ ಇಲ್ಲ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯೋದನ್ನು ಬ್ರಿಟಿಷ್ ಸರ್ಕಾರ 1897ರಲ್ಲೇ ಅಪರಾಧ ಅಂತ ಮಾಡಿತ್ತು. ಅಷ್ಟು ಹಳೇ ಕಾನೂನು, ಇನ್ನೂ ನಮ್ಮ ಹಳ್ಳಕ್ಕೆ ತಲುಪಿಲ್ಲ. ಶನಿವಾರ ಭಾನುವಾರ ಕಾರಿನಲ್ಲಿ ಬಂದು ಸೇತುವೆ ಕೆಳಗೆ ಕುಡಿದು ಬಾಟಲಿ ಒಡೆದು ಹೋಗೋರು ಇನ್ನೊಂದು ಕಾಟ. ಬರಿಗಾಲಲ್ಲಿ ಏಡಿ ಹಿಡಿಯೋ ಹೆಂಗಸಿನ ಕಾಲಿಗೆ ಗಾಜು ಚುಚ್ಚಿದ್ದನ್ನು ನಾನೇ ಕಂಡಿದ್ದೇನೆ. ಇಂಥವರನ್ನು ತಡೆಯೋಕೆ ಗೇಟು ಹಾಕಿದೆ ಅಂದರೆ ಯಾರಾದರೂ ತಲೆದೂಗುತ್ತಾರೆ.

ಹತ್ತು ಮೀನಿನ ವಿಷಯವನ್ನೂ ಹೇಳಿಬಿಡುತ್ತೇನೆ, ನಮ್ಮವರಿಗೆ ಬೇಜಾರಾದರೂ ಪರವಾಗಿಲ್ಲ. ಆ ಮೀನು ಹತ್ತೋದೇ ಮೊಟ್ಟೆ ಇಡೋಕೆ. ಹೊಟ್ಟೆ ತುಂಬಾ ಮೊಟ್ಟೆ ಇರೋ ಮೀನನ್ನು ಚೀಲಗಟ್ಟಲೆ ಕಡಿದು ಆಮೇಲೆ ಹಳ್ಳದಲ್ಲಿ ಮೊದಲಿನ ಹಾಗೆ ಮೀನೇ ಇಲ್ಲ ಅಂತ ಗೋಳಾಡಿದರೆ ಏನು ಬಂತು? ಮೊದಲ ಮಳೆಯ ಕೆಲವು ದಿನ ಯಾರೂ ಮುಟ್ಟಬಾರದು ಅಂತ ಊರಲ್ಲಿ ಒಪ್ಪಂದ ಆದರೆ ನಾನಂತೂ ಮೊದಲು ಸಹಿ ಹಾಕುತ್ತೇನೆ.

ಆದರೆ ಮೀನು ಕಡಿಮೆ ಆದದ್ದಕ್ಕೆ ಲೈನಿನ ಹುಡುಗರ ಗಾಳವನ್ನೇ ತೋರಿಸುವವರು ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್ ಯಂತ್ರದ ನೀರಿನ ಮಾತು ಯಾಕೆ ಎತ್ತಲ್ಲ? ಅರೇಬಿಕಾ ಹಣ್ಣು ಪಲ್ಪಿಂಗ್ ಆಗೋದು ನವೆಂಬರಿನಿಂದ ಜನವರಿ, ಆಮೇಲೆ ರೋಬಸ್ಟಾ. ಸರಿಯಾಗಿ ಹಳ್ಳ ಬತ್ತಿಕೊಂಡು ಬರೋ ಕಾಲ. ಸಿಪ್ಪೆ, ಲೋಳೆ ತೊಳೆದ ನೀರನ್ನು ಗುಂಡಿಯಲ್ಲಿ ನಿಲ್ಲಿಸಿ ಹದ ಮಾಡಿ ಬಿಡಬೇಕು ಅಂತ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಯಮ ಇದೆ. ಮಾಡುವವರು ಮಾಡುತ್ತಾರೆ. ಮಾಡದವರು ರಾತ್ರೋರಾತ್ರಿ ಹಳ್ಳಕ್ಕೆ ಬಿಡುತ್ತಾರೆ. ಆ ಲೋಳೆ ನೀರಿನಲ್ಲಿ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ. ಬೆಳಿಗ್ಗೆ ನೀರು ಕಪ್ಪಗೆ, ಹುಳಿ ವಾಸನೆ, ಮೀನು ಮೇಲೆ ಬಂದು ಬಾಯಿ ಬಿಡುತ್ತಿರುತ್ತವೆ. ಇದಕ್ಕೆ ಯಾರ ಮೇಲೂ ಮೀನು ಕಳ್ಳತನದ ಕೇಸು ಬಿದ್ದದ್ದು ನಾನು ಕೇಳಿಲ್ಲ. ನಾನು ಬೆಳೆಗಾರರ ವಿರೋಧಿ ಅಂತ ಯಾರೂ ತಿಳಿಯಬಾರದು, ನನ್ನ ಹಣ್ಣೂ ಪಲ್ಪರಿಗೇ ಹೋಗೋದು. ಹಳ್ಳ ಹಾಳಾಗಲು ಕಾರಣ ಹುಡುಕುವಾಗ ಬಡವನ ಮನೆ ಬಾಗಿಲನ್ನು ಮಾತ್ರ ತಟ್ಟಬೇಡಿ ಅಂತಷ್ಟೇ ನಾನು ಹೇಳೋದು.

ನಮ್ಮ ಜನಕ್ಕೆ ನಿಯಮ ಪಾಲಿಸೋಕೆ ಬರಲ್ಲ, ಬಿಟ್ಟರೆ ಎಲ್ಲಾ ದೋಚುತ್ತಾರೆ ಅಂತ ಒಬ್ಬ ದೊಡ್ಡ ಬೆಳೆಗಾರರು ನನಗೆ ಹೇಳಿದರು. ಅವರಿಗೆ ನಾನು ಶೃಂಗೇರಿ ನೋಡಿ ಅಂದೆ. ತುಂಗೆಯ ಸ್ನಾನಘಟ್ಟದಲ್ಲಿ ಕೈ ಹಾಕಿದರೆ ಸಿಗೋ ಹಾಗೆ ಮೀನು ಓಡಾಡುತ್ತವೆ, ಯಾರೂ ಮುಟ್ಟಲ್ಲ. ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿ ದಡದ ಮತ್ಸ್ಯಧಾಮವೂ ಹಾಗೆಯೇ. ಮಹಶೀರ್ ಅನ್ನೋ ಮೀನು ಇಂಥ ಕಡೆಗಳಲ್ಲಿ ಉಳಿದುಕೊಂಡಿದೆ. ಅಲ್ಲಿ ಸೋಲಾರ್ ಬೇಲಿ ಇದೆಯಾ? ಎಲ್ಲರಿಗೂ ಒಂದೇ ನಿಯಮ ಅಂತ ಜನಕ್ಕೆ ಗೊತ್ತಿದ್ದರೆ ಪಾಲಿಸುತ್ತಾರೆ. ಅದೇ, ನಿನಗೆ ಮಾತ್ರ ನಿಷೇಧ, ದುಡ್ಡು ಕೊಟ್ಟವನಿಗೆ ಸ್ವಾಗತ ಅಂದರೆ ರಾತ್ರಿ ಹೊತ್ತು ತೋಟೆ ಹಿಡಿದು ಬರೋರು ಹುಟ್ಟಿಕೊಳ್ಳುತ್ತಾರೆ. ನಮ್ಮ ಹಳ್ಳದಲ್ಲಿ ಗೇಟು ಬಿದ್ದ ಮೇಲೆ ಕಟ್ಟೆಯ ಮೇಲ್ಗಡೆ ತೋಟೆ ಸದ್ದು ಕೇಳಿದ್ದು ಸುಳ್ಳಲ್ಲ. ಹಗಲು ಹತ್ತು ಜನ ಓಡಾಡುತ್ತಿದ್ದರೆ ಅಂಥವರಿಗೆ ಧೈರ್ಯ ಬರುತ್ತಿರಲಿಲ್ಲ.

ಇನ್ನೂ ಒಂದು ಮಾತು. ಹಿಡಿದು ವಾಪಸ್ ಬಿಡುತ್ತೇವೆ, ಹಾಗಾಗಿ ನಾವು ಪರಿಸರ ಪ್ರೇಮಿಗಳು ಅಂತ ರೆಸಾರ್ಟಿನವರು ಹೇಳಿಕೊಳ್ಳುತ್ತಾರೆ. ಭೀಮೇಶ್ವರಿ, ಗಾಲಿಬೋರೆ ಕಡೆ ಕಾವೇರಿಯಲ್ಲಿ ಮಹಶೀರ್ ಹಿಡಿದು ಬಿಡೋ ಶಿಬಿರಗಳು ಎಷ್ಟೋ ವರ್ಷ ಇದ್ದವು. ಅಲ್ಲಿ ಕಾವಲಿನವರಿದ್ದರು, ಲೆಕ್ಕ ಇಡುತ್ತಿದ್ದರು, ಸುತ್ತಲಿನ ಹಳ್ಳಿಯವರಿಗೆ ಕೆಲಸವೂ ಸಿಕ್ಕಿತ್ತು. ಆದರೂ ವನ್ಯಧಾಮದೊಳಗೆ ಅದು ಸಲ್ಲದು ಅಂತ ನಿಂತುಹೋಯಿತು. ಅದು ಸರಿಯೋ ತಪ್ಪೋ ಅಂತ ಈಗಲೂ ಚರ್ಚೆ ಇದೆ. ಅಷ್ಟು ಶಿಸ್ತಿನಿಂದ ನಡೆದ ಕಡೆಯೇ ಪ್ರಶ್ನೆ ಎದ್ದಿರುವಾಗ, ಸರ್ಕಾರಿ ಹಳ್ಳಕ್ಕೆ ಕಟ್ಟೆ ಕಟ್ಟಿ ತಿಲಾಪಿಯಾ ಬಿಟ್ಟವರು ಪರಿಸರದ ಪಾಠ ಹೇಳೋದು ಸ್ವಲ್ಪ ಜಾಸ್ತಿಯಾಯಿತು.

ಹಾಗಾದರೆ ಏನಾಗಬೇಕು? ಊರಿನ ಕೆಲವರು ಸೇರಿ ತಹಶೀಲ್ದಾರರಿಗೆ ಅರ್ಜಿ ಕೊಟ್ಟಿದ್ದೇವೆ. ಕೇಳಿರೋದು ದೊಡ್ಡದೇನಲ್ಲ. ಹಳ್ಳದ 'ಬಿ' ಖರಾಬನ್ನು ಸರ್ವೆ ಮಾಡಿಸಿ ಎರಡೂ ಕಡೆ ಕಲ್ಲು ನೆಡಿಸಿ. ನಕ್ಷೆಯಲ್ಲಿ ಎಷ್ಟು ಅಗಲ ಇದೆಯೋ ಅಷ್ಟೇ, ಒಂದು ಅಡಿ ಜಾಸ್ತಿ ಬೇಡ. ಸೇತುವೆ ಪಕ್ಕದ ದಾರಿಯ ಗೇಟಿಗೆ ಬೀಗ ಬೇಡ. ದನ, ಬೈಕು ಹೋಗದ ಹಾಗೆ ಮಾಡಲಿ, ಮನುಷ್ಯ ನುಸುಳೋಕೆ ಜಾಗ ಇರಲಿ. ಕಟ್ಟೆಗೆ ಅನುಮತಿ ಇದೆಯಾ ನೋಡಲಿ, ಇಲ್ಲದಿದ್ದರೆ ತೆಗೆಸಲಿ. ಇತ್ತ ನಮ್ಮ ಕಡೆಯಿಂದಲೂ ಗ್ರಾಮ ಪಂಚಾಯಿತಿಯಲ್ಲಿ ಒಂದು ನಿರ್ಣಯ ಆಗಲಿ. ತೋಟೆ, ವಿಷ, ಬ್ಯಾಟರಿ ಕರೆಂಟು ಹಾಕಿದವರನ್ನು ಊರವರೇ ಹಿಡಿದು ಕೊಡಬೇಕು, ಅದು ನನ್ನ ಅಣ್ಣನ ಮಗನೇ ಆಗಿರಲಿ. ಕತ್ತಲಾದ ಮೇಲೆ ತೋಟದ ನಡುವಿನ ಹಳ್ಳಕ್ಕೆ ಹೋಗೋದು ಬೇಡ, ಆನೆ ಭಯವೂ ಇದೆ. ರೆಸಾರ್ಟಿನ ಅತಿಥಿಗಳು ಗಾಳ ಹಾಕಲಿ, ಬೇಡ ಅಂದವರಾರು? ಆದರೆ ಸರ್ಕಾರಿ ನೀರಿನಲ್ಲಿ ಮೀನು ಹಿಡಿಯೋಕೆ ಲೈಸೆನ್ಸ್ ಬೇಕು ಅಂತ ಮೀನುಗಾರಿಕೆ ಇಲಾಖೆ ಹೇಳಿದರೆ ಅವರೂ ತಗೊಳ್ಳಲಿ, ನಾವೂ ತಗೊಳ್ಳುತ್ತೇವೆ. ಕೆರೆಗಳನ್ನು ಟೆಂಡರು ಕರೆದು ಗುತ್ತಿಗೆ ಕೊಡೋ ಇಲಾಖೆಗೆ ಮಲೆನಾಡಿನ ಹಳ್ಳಗಳು ಅಂತ ಒಂದಿವೆ ಅನ್ನೋದೇ ಮರೆತುಹೋದ ಹಾಗಿದೆ. ಹಾಗಂತ ಹಳ್ಳವನ್ನೂ ಟೆಂಡರಿಗೆ ಇಡಬೇಡಿ ಮಾರಾಯ್ರೇ, ಆಗ ರೆಸಾರ್ಟಿನವರೇ ತಗೊಳ್ಳುತ್ತಾರೆ, ಕಾಗದಪತ್ರದ ಸಮೇತ.

ಹುಡುಗರ ಮೇಲಿನ ದೂರನ್ನು ಪೊಲೀಸರು ಇನ್ನೂ ದಾಖಲು ಮಾಡಿಲ್ಲ, ಎರಡೂ ಕಡೆಯವರನ್ನು ಕರೆದು ಮಾತಾಡಿಸಿದ್ದಾರೆ. ಅವರಿಗೆ ನನ್ನ ಕೃತಜ್ಞತೆ. ಆದರೆ ಹುಡುಗರಿಂದ, ಇನ್ನು ಮುಂದೆ ಹಳ್ಳಕ್ಕೆ ಹೋಗಲ್ಲ ಅಂತ ಬರೆಸಿಕೊಂಡಿದ್ದಾರೆ. ಅದು ಸರಿಯಲ್ಲ. ತೋಟಕ್ಕೆ ಹೋಗಲ್ಲ ಅಂತ ಬರೆಸಿಕೊಳ್ಳಲಿ, ನಾನೂ ಸಾಕ್ಷಿ ಹಾಕುತ್ತೇನೆ. ಸರ್ಕಾರದ ಹಳ್ಳಕ್ಕೆ ಹೋಗಲ್ಲ ಅಂತ ಯಾರ ಕೈಯಲ್ಲೂ ಬರೆಸಿಕೊಳ್ಳೋಕೆ ಬರಲ್ಲ. ಆ ಕಾಗದ ವಾಪಸ್ ಕೊಡಬೇಕು.

ಸಕಲೇಶಪುರ, ಕಳಸ, ಕೊಪ್ಪ, ಆಲೂರು ಕಡೆಯ ಓದುಗರಲ್ಲಿ ಒಂದು ವಿನಂತಿ. ನಿಮ್ಮೂರ ಹಳ್ಳಕ್ಕೂ ಹೀಗೆ ಗೇಟು ಬಿದ್ದಿದ್ದರೆ ಮೊದಲು ಗ್ರಾಮ ನಕ್ಷೆ, ಆಕಾರ್ ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಖರಾಬು ಬರೆದಿರೋ ದಾಖಲೆ) ನಕಲು ತೆಗೆಸಿ, ಹಳ್ಳಕ್ಕೆ ಎಷ್ಟು ಗುಂಟೆ ಖರಾಬು ಬರೆದಿದೆ ನೋಡಿ, ಆಮೇಲೆ ಈ ಪತ್ರಿಕೆಗೆ ಬರೆಯಿರಿ. ತಹಶೀಲ್ದಾರರಲ್ಲಿ ಕೇಳೋದು, ಸರ್ವೆಯವರನ್ನು ಮೇ ತಿಂಗಳ ಒಳಗೆ ಕಳಿಸಿ. ಮಳೆ ಹಿಡಿದರೆ ಹಳ್ಳದ ಅಂಚು ಎಲ್ಲಿ ಅಂತ ಯಾರಿಗೂ ಕಾಣಲ್ಲ, ಕಡತ ಮತ್ತೆ ದೀಪಾವಳಿ ದಾಟುತ್ತದೆ, ಅಷ್ಟರಲ್ಲಿ ಗೇಟಿಗೆ ವರ್ಷ ತುಂಬಿರುತ್ತದೆ.

ಇಂತಿ,
ಒಬ್ಬ ಸಣ್ಣ ಬೆಳೆಗಾರ
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ